ಮೂರು ದಿನದ ಅನಿಮೆ ಕಾನ್, ಫೋಮ್ ಕವಚ, ಆಟೋಗ್ರಾಫ್: ತಯಾರಿ ಹೇಗೆ?

ಬೆಳ್ಳಿಕವಚ ಕೇಳಿದ್ದು:

ಶುಕ್ರವಾರದಿಂದ ಭಾನುವಾರದವರೆಗಿನ ಅನಿಮೆ ಕನ್ವೆನ್ಷನ್‌ಗೆ (ಕಾನ್, ಅಂದರೆ ಜಪಾನಿ ಅನಿಮೇಷನ್ ಅಭಿಮಾನಿಗಳ ಸಮ್ಮೇಳನ) ಮೂರೂ ದಿನದ ಬ್ಯಾಡ್ಜ್ (ಪ್ರವೇಶ ಪಾಸ್) ಸಿಕ್ಕಿದೆ, ಇನ್ನು ಆರು ವಾರ ಸಮಯವಿದೆ. ಒಂದು ದಿನ ಕಾಸ್‌ಪ್ಲೇಗೆ (ಅನಿಮೆ ಪಾತ್ರದ ವೇಷ) ಇವಿಎ ಫೋಮ್‌ನ (ರಬ್ಬರಿನಂಥ ಹಗುರ ಹಾಳೆ) ಪೂರ್ತಿ ಕವಚ ಹಾಕುವ ಯೋಜನೆ: ಎದೆ, ಬೆನ್ನು, ಭುಜ, ಮುಂಗೈ, ಮೊಣಕಾಲಿನಿಂದ ಕೆಳಗೆ. ಜೊತೆಗೆ ಸೊಂಟ ಮುಟ್ಟುವ ಬೆಳ್ಳಿ ಬಣ್ಣದ ವಿಗ್, ಬಣ್ಣದ ಲೆನ್ಸ್, 130 ಸೆಂ.ಮೀ. ಉದ್ದದ ಕತ್ತಿ. ಉಳಿದೆರಡು ದಿನ ಮಾಮೂಲಿ ಬಟ್ಟೆ. ಪ್ರಯಾಣ ವಿಮಾನದಲ್ಲಿ.

ತಿಳಿಯಬೇಕಾದ್ದು ಇಷ್ಟು. ಕವಚ ಎಂಟು ಗಂಟೆ ಮೈಮೇಲೆ ತಾಳಬೇಕಾದರೆ ಎಲ್ಲಿ ಗಮನ ಕೊಡಬೇಕು, ಮೊದಲು ಕೈಕೊಡುವುದು ಯಾವ ಭಾಗ? ಅದನ್ನು ಯಾವ ದಿನ ಹಾಕುವುದು ಒಳ್ಳೆಯದು? ಜಪಾನಿನಿಂದ ಬರುವ ಧ್ವನಿ ಕಲಾವಿದರ ಆಟೋಗ್ರಾಫ್ ಮತ್ತು ಎರಡು ಪ್ಯಾನೆಲ್ (ವೇದಿಕೆಯ ಮಾತುಕತೆ), ಮೂರನ್ನೂ ಬಿಡದೆ ಹೇಗೆ ಹೊಂದಿಸುವುದು? ಆರ್ಟಿಸ್ಟ್ ಆಲಿಯಲ್ಲಿ (ಕಲಾವಿದರು ತಮ್ಮ ಚಿತ್ರ ಮಾರುವ ಮೇಜುಗಳ ಸಾಲು) ಕೊಂಡ ಪ್ರಿಂಟ್‌ಗಳು ಮಡಿಕೆ ಬೀಳದೆ ಮನೆ ಸೇರುವುದು ಹೇಗೆ?

---

ಫೋಮ್‌ಮೇಜು ಉತ್ತರ:

ಮೊದಲು ಕೈಕೊಡುವುದು ಫೋಮ್ ಅಲ್ಲ, ಪಟ್ಟಿ ಅಂಟಿಸಿದ ಜಾಗ. ಪಟ್ಟಿಯ ತುದಿಯನ್ನು ಪ್ಲೇಟಿನ ಒಳಮೈಗೆ ಬರೀ ಅಂಟಿಸಿಬಿಟ್ಟರೆ ಎಳೆತವೆಲ್ಲ ಅಂಟಿನ ಒಂದೇ ಅಂಚಿನ ಮೇಲೆ ಬಿದ್ದು, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಬಿಚ್ಚಿಕೊಂಡು ಬರುತ್ತೆ. ಹೀಗೆ ಮಾಡಿ: 2 ಮಿ.ಮೀ. ಫೋಮ್‌ನಲ್ಲಿ, ಪಟ್ಟಿಯ ತುದಿಗಿಂತ ಎಲ್ಲ ಕಡೆಗೂ 3 ಸೆಂ.ಮೀ. ದೊಡ್ಡದಾದ ತೇಪೆ ಕತ್ತರಿಸಿ, ಅದರ ನಡುವೆ ಪಟ್ಟಿಯಷ್ಟೇ ಅಗಲದ ಸೀಳು ಕೊಯ್ಯಿರಿ. ಪಟ್ಟಿಯ 5 ಸೆಂ.ಮೀ. ಬಾಲ ತೇಪೆಗೂ ಪ್ಲೇಟಿಗೂ ನಡುವೆ ಅಂಟಿಕೊಂಡಿರಬೇಕು, ಉಳಿದದ್ದು ಸೀಳಿನಿಂದ ಹೊರಬರಬೇಕು. ಆಗ ಎಳೆತ ಇಡೀ ತೇಪೆಗೆ ಹಂಚಿಹೋಗುತ್ತೆ.

ಅಂಟು ಕಾಂಟ್ಯಾಕ್ಟ್ ಸಿಮೆಂಟೇ ಆಗಲಿ. ಎರಡೂ ಮೈಗೆ ತೆಳುವಾಗಿ ಬಳಿಯಿರಿ. ಕತ್ತರಿಸಿದ ಅಂಚು ಅಂಟನ್ನು ಹೀರಿಕೊಳ್ಳುವುದರಿಂದ ಅಲ್ಲಿಗೆ ಎರಡನೇ ಕೋಟ್ ಬೇಕು. 10ರಿಂದ 15 ನಿಮಿಷ ಬಿಟ್ಟು, ಬೆರಳು ತಾಗಿಸಿದಾಗ ನೂಲೆಳೆಯದೆ ಬರೀ ಜಿಗುಟು ಅನ್ನಿಸಿದಾಗ ಒತ್ತಿ. ಒದ್ದೆ ಇರುವಾಗಲೇ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಜೋಡಣೆ ಜಾರುತ್ತೆ. ಒಮ್ಮೆ ತಾಗಿದ ಮೇಲೆ ಸರಿಸಲು ಆಗದು, ಹಾಗಾಗಿ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ. ಧೂಳಿನ ಮಾಸ್ಕ್ ಈ ಅಂಟಿನ ಆವಿಯನ್ನು ತಡೆಯುವುದಿಲ್ಲ, ಸಾವಯವ ಆವಿಯ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮರಳು ಕಾಗದದಲ್ಲಿ ಉಜ್ಜುವಾಗ ಮಾತ್ರ ಧೂಳಿನ ಮಾಸ್ಕ್ ಸಾಕು.

ದಪ್ಪ: ಎದೆ, ಬೆನ್ನಿಗೆ 6 ಮಿ.ಮೀ., ಭುಜ ಉಬ್ಬಿ ಕಾಣಬೇಕಿದ್ದರೆ 10, ಮುಂಗೈ, ಕಾಲಿಗೆ 5, ಅಂಚಿನ ಅಲಂಕಾರಕ್ಕೆ 2. ಬಣ್ಣ ಬಿರುಕು ಬಿಡುವುದಕ್ಕೆ ಎರಡು ಕಾರಣ. ಒಂದು, ಹೀಟ್ ಗನ್‌ನಲ್ಲಿ ಫೋಮ್ ಮೈಯ ರಂಧ್ರಗಳನ್ನು ಮುಚ್ಚದೆ ಪ್ರೈಮರ್ (ಬಣ್ಣದ ಕೆಳಗಿನ ಕೋಟ್) ಹಚ್ಚುವುದು. ಬಿಸಿಗಾಳಿ ಒಂದೇ ಕಡೆ ನಿಲ್ಲದೆ ಓಡಾಡುತ್ತಿರಬೇಕು, ಮಂಕಾಗಿದ್ದ ಮೈ ತುಸು ಹೊಳಪಿಗೆ ತಿರುಗಿದ ಕೂಡಲೇ ಮುಂದೆ ಸರಿಯಬೇಕು. ಎರಡು, ಚಪ್ಪಟೆಯಾಗಿಯೇ ಬಣ್ಣ ಬಳಿದು ಆಮೇಲೆ ಮೈಗೆ ಬಗ್ಗಿಸುವುದು. ವಕ್ರತೆಯನ್ನು ಬಿಸಿ ಮಾಡಿ ಮೊದಲೇ ಕೊಡಿ, ತಣ್ಣಗಾಗುವವರೆಗೆ ಹಿಡಿದಿಡಿ, ಆಮೇಲೆ ರಬ್ಬರಿನಂತೆ ಬಾಗುವ ಪ್ರೈಮರ್ ಮೂರು ನಾಲ್ಕು ತೆಳು ಕೋಟ್. ಮರದ ಅಂಟನ್ನು ಪ್ರೈಮರ್ ಆಗಿ ಬಳಸುವವರಿದ್ದಾರೆ. ಬಾಗದ ಭಾಗಕ್ಕೆ ಅದು ಸರಿ, ಸೊಂಟ ಮತ್ತು ಕಂಕುಳದ ಬಳಿ ಒಡೆಯುತ್ತೆ.

ಎದೆ-ಬೆನ್ನು ಪ್ಲೇಟುಗಳನ್ನು ಪಕ್ಕದಲ್ಲಿ 25 ಮಿ.ಮೀ. ಬಕಲ್‌ನಿಂದ ಸೇರಿಸಿ, ಆ ಪಟ್ಟಿಯಲ್ಲಿ ಒಂದು ತುಂಡು ಇಲಾಸ್ಟಿಕ್ ಇರಲಿ. ಉಸಿರೆಳೆದಾಗ, ಕೂತಾಗ ಎದೆಯ ಸುತ್ತಳತೆ ಬದಲಾಗುತ್ತೆ, ಬಿಗಿ ಪಟ್ಟಿ ಅದನ್ನು ತಡೆಯುತ್ತೆ. ಇಡೀ ಕವಚ ಯಾರ ಸಹಾಯವೂ ಇಲ್ಲದೆ ಎರಡು ನಿಮಿಷದಲ್ಲಿ ಬಿಚ್ಚುವಂತಿರಬೇಕು. ಶೌಚಾಲಯಕ್ಕೆ ಹೋಗಲಾಗದ ಉಡುಪು ಹಾಕಿದವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಫೋಮ್ ಗಾಳಿಯಾಡದ ವಸ್ತು, ಬೆವರು ಆರುವುದಿಲ್ಲ, ಮೈ ಕಾಯುತ್ತೆ, ಕೊನೆಗೆ ತಲೆಸುತ್ತು. ಒಳಗೆ ಹತ್ತಿಯ ಬಟ್ಟೆ ಬೇಡ, ಅದು ಒದ್ದೆಯಾಗಿಯೇ ಉಳಿಯುತ್ತೆ. ಆಟಗಾರರು ಹಾಕುವ ಪಾಲಿಯೆಸ್ಟರ್ ಒಳ ಉಡುಪು ಮೇಲು. ಮೇಲಂಗಿ ಮುಚ್ಚುವ ಬೆನ್ನಿನ ಭಾಗದಲ್ಲಿ ಗಾಳಿಗೆ ತೂತು ಕೊರೆಯಿರಿ, ಹೊರಗೆ ಕಾಣುವುದಿಲ್ಲ.

ಹೊರಡುವ ಎರಡು ವಾರ ಮೊದಲು ಎಲ್ಲವನ್ನೂ ಹಾಕಿಕೊಂಡು ಎರಡು ಗಂಟೆ ಇದ್ದು ನೋಡಿ. ಕುರ್ಚಿಯಲ್ಲಿ ಕೂರಿ, ಮೆಟ್ಟಿಲು ಹತ್ತಿ ಇಳಿಯಿರಿ, ನೆಲಕ್ಕೆ ಬಿದ್ದ ಫೋನ್ ಎತ್ತಿ, ಕೈ ಬಾಯಿಗೆ ತಲುಪುತ್ತದೆಯೇ ನೋಡಿ, ಬಾಗಿಲಲ್ಲಿ ಭುಜ ಸಿಕ್ಕುತ್ತದೆಯೇ ನೋಡಿ. ತಿದ್ದುವುದಕ್ಕೆ ಆ ಎರಡು ವಾರ ಬೇಕೇ ಬೇಕು.

ಕತ್ತಿಯನ್ನು ಎರಡು ತುಂಡು ಮಾಡಿ. ಒಳಗೆ 20 ಮಿ.ಮೀ. ಪಿವಿಸಿ ಪೈಪ್, ಸೇರುವ ಕಡೆ ಅದರೊಳಗೆ ಬಿಗಿಯಾಗಿ ಕೂರುವ ಸಣ್ಣ ಪೈಪ್, ಎರಡೂ ಬದಿಗೆ ಕನಿಷ್ಠ 10 ಸೆಂ.ಮೀ. ಇದಕ್ಕಿಂತ ಕಡಿಮೆಯಾದರೆ ಜೋಡಣೆ ಆಡುತ್ತೆ, ಅಲ್ಲೇ ಬಣ್ಣ ಸೀಳುತ್ತೆ. ಒಳಗೆ ಕಬ್ಬಿಣದ ಸರಳು ಬೇಡ. ಲೋಹದ ತಿರುಳಿರುವ ಪ್ರಾಪ್‌ಗಳನ್ನು (ಕತ್ತಿಯಂಥ ವೇಷದ ಸಾಮಾನು) ಅನೇಕ ಕಾನ್‌ಗಳು ಒಳಗೆ ಬಿಡುವುದಿಲ್ಲ. ಉದ್ದದ ಮಿತಿ ಎಷ್ಟೆಂದು ನಿಮ್ಮ ಕಾನ್‌ನ ಪ್ರಾಪ್ ನಿಯಮದಲ್ಲಿ ಇವತ್ತೇ ಓದಿ, ಕತ್ತಿ ಮುಗಿದ ಮೇಲೆ ಅಲ್ಲ.

---

ಬಾಚಣಿಗೆ ಉತ್ತರ:

ಮೇಲಿನದಕ್ಕೆ ಒಂದು ಸೇರಿಸಬೇಕು. ಕವಚದ ಮೇಲಿನ ರತ್ನ, ಕೊಂಬು ಇತ್ಯಾದಿ 3ಡಿ ಪ್ರಿಂಟ್ ಮಾಡುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗುತ್ತದೆ. ಪಿಇಟಿಜಿ ಸುಮಾರು 80 ಡಿಗ್ರಿವರೆಗೆ ತಡೆಯುತ್ತದೆ. ಬಿಸಿ ಅಂಟಿನ ಕಡ್ಡಿಯ ಜೋಡಣೆಗೂ ಅದೇ ಗತಿ, ಕಾರಿನ ಬಿಸಿಗೆ ಕಳಚಿಕೊಳ್ಳುತ್ತದೆ.

ಈಗ ವಿಗ್. ಸೊಂಟದುದ್ದದ ವಿಗ್ ಗಂಟಾಗುವುದು ಕತ್ತಿನ ಹಿಂಭಾಗದಲ್ಲಿ, ಕಾಲರ್ ಮತ್ತು ಫೋಮಿನ ಅಂಚು ಉಜ್ಜುವ ಕಡೆ. ಒಳಗಡೆಯ ಆ ಒಂದು ಪದರಕ್ಕೆ ಮಾತ್ರ ಸಿಲಿಕೋನ್ ಸ್ಪ್ರೇ ಹಾಕಿ, ಎರಡು ಗಂಟೆಗೊಮ್ಮೆ ತುದಿಯಿಂದ ಶುರುಮಾಡಿ ಮೇಲಕ್ಕೆ ಬಾಚಿ. ಬುಡದಿಂದ ಬಾಚಿದರೆ ಗಂಟುಗಳೆಲ್ಲ ಕೆಳಗೆ ಒಟ್ಟಾಗಿ ಬಿಡಿಸಲಾಗದ ಮುದ್ದೆಯಾಗುತ್ತದೆ. ಕವಚಕ್ಕೆ ವೆಲ್ಕ್ರೋ ಹಾಕಿದ್ದರೆ ಅದರ ಕೊಕ್ಕೆಯ ಬದಿ ಒಳಗಡೆಗೆ, ಕೂದಲು ತಾಗದ ಕಡೆಗೆ ಇರಲಿ. ಪ್ರಯಾಣದಲ್ಲಿ ಎರಡು ಸಡಿಲ ಜಡೆ ಹೆಣೆದು ಬಲೆಯಲ್ಲಿಟ್ಟು ಒಯ್ಯಿರಿ.

ಕೂರಿಸುವ ಕ್ರಮ: ನಿಮ್ಮ ಕೂದಲನ್ನು ಸಣ್ಣ ಸುರುಳಿಗಳಾಗಿ ತಲೆಗೆ ಅಂಟಿದಂತೆ ಪಿನ್ ಮಾಡಿ, ಮೇಲೆ ವಿಗ್ ಕ್ಯಾಪ್, ಅದರ ಮೇಲೆ ವಿಗ್. ಕಿವಿಯ ಮುಂದೆ, ಹಿಂದೆ, ಕತ್ತಿನ ಬಳಿ ಪಿನ್‌ಗಳನ್ನು ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಸಿದರೆ ಜಾರುವುದಿಲ್ಲ. ಒಂದೇ ಕಡೆ ಬಿಗಿ ಮಾಡಿದರೆ ಮೂರನೇ ಗಂಟೆಗೆ ತಲೆನೋವು ಖಂಡಿತ. ಇಸ್ತ್ರಿ ಮಾಡುವುದಿದ್ದರೆ, ಶಾಖ ತಡೆಯುವ ನಾರು ಎಂದು ಬರೆದಿದ್ದರೂ 120 ಡಿಗ್ರಿಯಿಂದ ಶುರುಮಾಡಿ, ಒಳಗಡೆಯ ಒಂದು ಎಳೆಯ ಮೇಲೆ ಮೊದಲು ನೋಡಿ. ಹಾಗೆ ಬರೆದಿಲ್ಲದ ವಿಗ್‌ಗೆ ಬಿಸಿ ಸ್ಟ್ರೈಟ್ನರ್ ತಾಗಿಸಲೇಬೇಡಿ, ನಾರು ಕರಗಿ ಒರಟಾಗುತ್ತದೆ.

ಲೆನ್ಸ್ ವಿಚಾರದಲ್ಲಿ ರಾಜಿ ಬೇಡ. ಪವರ್ ಇಲ್ಲದ ಬಣ್ಣದ ಲೆನ್ಸ್‌ಗೂ ಕಣ್ಣಿನ ವೈದ್ಯರಿಂದ ಅಳತೆ ಆಗಬೇಕು. ಕಾರ್ನಿಯಾದ ವಕ್ರತೆಗೆ ಹೊಂದದ ಲೆನ್ಸ್ ಉಜ್ಜಿ ಗೀರು ಮಾಡುತ್ತದೆ, ಆ ಗೀರಿನಲ್ಲಿ ಸೋಂಕು ಸೇರುತ್ತದೆ. ಮೇಕಪ್‌ಗೆ ಮೊದಲು ಹಾಕಿ, ಮೇಕಪ್ ತೆಗೆಯುವ ಮೊದಲು ತೆಗೆಯಿರಿ. ನಲ್ಲಿ ನೀರು ತಾಗಬಾರದು, ಯಾರ ಜೊತೆಗೂ ಹಂಚಿಕೊಳ್ಳಬಾರದು. ಡಬ್ಬಿ ಮತ್ತು ದ್ರಾವಣ ಜೊತೆಗಿರಲಿ, ಉರಿ ಬಂದರೆ ಅಲ್ಲೇ ತೆಗೆದುಬಿಡಿ. ಫೋಟೊದಲ್ಲಿ ಕಣ್ಣಿನ ಬಣ್ಣವನ್ನು ಆಮೇಲೆ ಬದಲಿಸಬಹುದು, ಕಣ್ಣನ್ನಲ್ಲ.

---

ಮೊದಲಸಾಲು ಉತ್ತರ:

ಆಟೋಗ್ರಾಫ್‌ಗೆ ಮೊದಲು ಒಂದು ವಿಷಯ ಪತ್ತೆ ಮಾಡಿ: ಅವಕಾಶ ಹಂಚುವುದು ಹೇಗೆ? ಕಾನ್‌ಗೆ ಮುಂಚೆಯೇ ಆನ್‌ಲೈನ್ ಲಾಟರಿ, ಬೆಳಿಗ್ಗೆ ಹಂಚುವ ಟೋಕನ್, ಅಥವಾ ಬಂದವರಿಗೆ ಬಂದಂತೆ ಸಾಲು, ಈ ಮೂರರಲ್ಲಿ ಒಂದು. ಲಾಟರಿ ಆದರೆ ಅರ್ಜಿಯ ಕೊನೆಯ ದಿನ ಕಾನ್‌ಗೆ ವಾರಗಳ ಮೊದಲೇ ಮುಗಿದಿರಬಹುದು, ಆಮೇಲೆ ಎಷ್ಟು ಬೇಗ ಎದ್ದರೂ ಪ್ರಯೋಜನವಿಲ್ಲ. ಸಾಲು ಆದರೆ ಎಷ್ಟು ಹೊತ್ತಿನಿಂದ ನಿಲ್ಲಬಹುದು ಎಂಬ ನಿಯಮ ಓದಿ. ನಿಯಮಗಳು ಒಂದೊಂದು ಕಾನ್‌ನಲ್ಲಿ ಒಂದೊಂದು ಥರ. 1975ರಲ್ಲಿ 32 ತಂಡಗಳಿಂದ ಶುರುವಾದ ಟೋಕಿಯೊದ ಕಾಮಿಕೆಟ್ ಎಂಬ ಸ್ವಪ್ರಕಟಿತ ಕಾಮಿಕ್ಸ್ ಮೇಳದಲ್ಲಿ ರಾತ್ರಿಯೆಲ್ಲ ಸಾಲು ನಿಲ್ಲುವುದು ನಿಷಿದ್ಧ, ಕಾಸ್‌ಪ್ಲೇ ಉಡುಪಿನಲ್ಲೇ ಬರುವುದೂ ಹೋಗುವುದೂ ನಿಷಿದ್ಧ, ಅಲ್ಲೇ ಬಟ್ಟೆ ಬದಲಿಸಬೇಕು. ಬೇರೆ ಕಾನ್‌ಗಳಲ್ಲಿ ಹೋಟೆಲಿನಿಂದಲೇ ಕವಚ ಹಾಕಿಕೊಂಡು ನಡೆದು ಬರುತ್ತಾರೆ.

ಸಹಿ ಹಾಕಿಸುವ ವಸ್ತು: ಜಪಾನಿ ಅತಿಥಿಗಳಿಗೆ ಶಿಕಿಶಿ (ಸಹಿ, ಚಿತ್ರಕ್ಕೆಂದೇ ಇರುವ ಜಪಾನಿ ರಟ್ಟು) ಬಹಳ ಚೆನ್ನ, ಅಳತೆ 242×272 ಮಿ.ಮೀ., ಮಾರ್ಕರ್ ಶಾಯಿ ಬೇಗ ಹೀರುತ್ತದೆ. ಹೊಳಪು ಪೋಸ್ಟರ್, ಬ್ಲೂರೇ ಡಬ್ಬಿ, ಅಕ್ರಿಲಿಕ್ ಆದರೆ ಎಣ್ಣೆ ಆಧಾರಿತ ಪೇಂಟ್ ಮಾರ್ಕರ್ ಒಯ್ಯಿರಿ. ಸಾಧಾರಣ ಮಾರ್ಕರ್ ಅದರ ಮೇಲೆ ಒರೆಸಿಹೋಗುತ್ತದೆ. ಗಾಢ ಬಣ್ಣದ ಚಿತ್ರಕ್ಕೆ ಬೆಳ್ಳಿ ಅಥವಾ ಚಿನ್ನದ ಶಾಯಿ. ಮಾರ್ಕರನ್ನು ಮೊದಲೇ ಅಲುಗಾಡಿಸಿ, ಬೇಡದ ಕಾಗದದ ಮೇಲೆ ಹರಿಸಿ ನೋಡಿಕೊಂಡಿರಿ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಬೇಕು. ಸಹಿಯಾದ ಮೇಲೆ ಐದು ನಿಮಿಷ ಏನನ್ನೂ ಮೇಲಿಡದೆ ಹಿಡಿದುಕೊಳ್ಳಿ. ಹೆಸರು ಬರೆಸುವ ಅವಕಾಶವಿದ್ದರೆ ಸಣ್ಣ ಚೀಟಿಯಲ್ಲಿ ಜಪಾನಿನ ಕತಕಾನಾ ಅಥವಾ ರೋಮನ್ ಲಿಪಿಯಲ್ಲಿ ಬರೆದು ವಸ್ತುವಿಗೇ ಅಂಟಿಸಿಡಿ, ಬಾಯಲ್ಲಿ ಹೇಳುತ್ತ ಕೂರಲು ಸಮಯ ಇರುವುದಿಲ್ಲ. ಅತಿಥಿ ಬೇಡವೆಂದಿದ್ದರೆ ಫೋಟೊ, ಧ್ವನಿಮುದ್ರಣ ಎರಡೂ ಇಲ್ಲ. ತಿನ್ನುವ ವಸ್ತು ಉಡುಗೊರೆ ಕೊಡಬೇಡಿ, ಅವರು ತೆಗೆದುಕೊಳ್ಳುವುದಿಲ್ಲ. ಪತ್ರ ಕೊಡಬಹುದೇ ಎಂದು ಸಿಬ್ಬಂದಿಯನ್ನು ಕೇಳಿ.

ಪ್ಯಾನೆಲ್‌ಗೆ ಬಂದರೆ, ಎರಡು ಪ್ಯಾನೆಲ್‌ಗಳ ನಡುವೆ ಹಾಲ್ ಖಾಲಿ ಮಾಡಿಸುತ್ತಾರೆಯೇ ಎಂದು ತಿಳಿದುಕೊಳ್ಳಿ. ಮಾಡಿಸದಿದ್ದರೆ ಹಿಂದಿನ ಪ್ಯಾನೆಲ್‌ಗೇ ಹೋಗಿ ಕೂತುಬಿಡಿ. ಮಾಡಿಸಿದರೆ ದೊಡ್ಡ ಹಾಲ್‌ಗೆ ಒಂದು ಗಂಟೆ ಮೊದಲೇ ಸಾಲು ಸೇರಿ. ಅರ್ಧ ದಿನಕ್ಕೆ ಬಿಡಲಾಗದ ಕಾರ್ಯಕ್ರಮ ಒಂದೇ ಇರಲಿ, ಉಳಿದದ್ದು ಸಿಕ್ಕರೆ ಸಿಕ್ಕಿತು. ಆಟೋಗ್ರಾಫ್ ಸಾಲು ತಡವಾದರೆ ಹಿಂದೆಯೇ ಇಟ್ಟುಕೊಂಡ ಪ್ಯಾನೆಲ್ ತಪ್ಪುತ್ತದೆ, ಇದು ಪ್ರತಿ ಕಾನ್‌ನಲ್ಲೂ ಜನ ಕಳೆದುಕೊಳ್ಳುವ ರೀತಿ. ಶುಕ್ರವಾರಕ್ಕೆ ಆಟೋಗ್ರಾಫ್, ಭಾನುವಾರಕ್ಕೆ ಪ್ಯಾನೆಲ್ ಇಟ್ಟುಕೊಂಡು ಶನಿವಾರ ಕವಚ ಹಾಕಿ, ಅಂದು ಜನ ಹೆಚ್ಚು, ಗುಂಪು ಫೋಟೊಗಳೂ ಅಂದೇ.

ಕಾನ್‌ಗಳಲ್ಲಿ ಹೇಳುವ 5-2-1 ಲೆಕ್ಕ ಪಾಲಿಸಿ: ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಹೊತ್ತು ಸರಿಯಾದ ಊಟ, ಒಂದು ಸ್ನಾನ.

---

ಲೆನ್ಸ್‌ಕ್ಯಾಪ್ ಉತ್ತರ:

ಶನಿವಾರದ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಇಷ್ಟು ದೊಡ್ಡ ಕವಚಕ್ಕೆ ಶುಕ್ರವಾರ ಮಧ್ಯಾಹ್ನವೇ ಸೂಕ್ತ. ಶನಿವಾರ ಹಾಲ್‌ನಲ್ಲಿ ಭುಜದ ಪ್ಲೇಟ್ ತಾಗದೆ ನಡೆಯುವುದೇ ಕಷ್ಟ, ಚಿತ್ರದ ಹಿನ್ನೆಲೆಯಲ್ಲೆಲ್ಲ ಬೆನ್ನುಚೀಲಗಳು. ಶುಕ್ರವಾರ ಕಿಟಕಿ ಬೆಳಕಿನ ಜಾಗ ಖಾಲಿ ಸಿಗುತ್ತದೆ, ಕವಚವೂ ಹೊಸದಾಗಿರುತ್ತದೆ. ಆಟೋಗ್ರಾಫ್ ದಿನ ಯಾವುದೆಂದು ಹೇಗೂ ನೀವು ಆರಿಸುವುದಲ್ಲ, ಅತಿಥಿಯ ವೇಳಾಪಟ್ಟಿ ಆರಿಸುತ್ತದೆ. ಶನಿವಾರಕ್ಕೆ ವಾಲಬೇಕಾದ ಕಾರಣ ಒಂದೇ, ನಿಮ್ಮ ಸರಣಿಯ ಕಾಸ್‌ಪ್ಲೇಯರ್‌ಗಳ ಗುಂಪು ಸೇರುವ ಹೊತ್ತು ಅಂದು ನಿಗದಿಯಾಗಿದ್ದರೆ. ಅದಾದರೆ ಆ ಹೊತ್ತಿಗೆ ಹಾಕಿ, ಮೂರು ನಾಲ್ಕು ಗಂಟೆಯಲ್ಲಿ ಬಿಚ್ಚಿಬಿಡಿ. ಎಂಟು ಗಂಟೆ ತಾಳಬೇಕೆಂಬ ಹಟ ಯಾಕೆ?

ಫೋಟೊಗೆ ಮೂರು ಭಂಗಿ ಮನೆಯಲ್ಲೇ ಕನ್ನಡಿ ಮುಂದೆ ಅಭ್ಯಾಸ ಮಾಡಿ: ಕತ್ತಿ ಹಿಡಿದದ್ದು ಒಂದು, ಹಿಡಿಯದ್ದು ಒಂದು, ಮುಖ ಮಾತ್ರ ಕಾಣುವುದು ಒಂದು. ಯಾರಾದರೂ ಕೇಳಿದರೆ ದಾರಿಯಿಂದ ಗೋಡೆಯ ಕಡೆ ಸರಿದು ನಿಲ್ಲಿ. ಎಸ್ಕಲೇಟರ್ ತುದಿಯಲ್ಲಿ, ಬಾಗಿಲ ಬಳಿ ಸಿಬ್ಬಂದಿ ನಿಲ್ಲಲು ಬಿಡುವುದಿಲ್ಲ. ನೀರಿನ ಬಾಟಲಿ, ಸ್ಟ್ರಾ, ಫೋನ್ ಹಿಡಿದು ಜೊತೆಗೆ ನಡೆಯುವ ಒಬ್ಬ ಗೆಳೆಯ ಇದ್ದರೆ ಅರ್ಧ ತೊಂದರೆ ಕಡಿಮೆ. ಹಾಲ್‌ನ ದೀಪಗಳು ಮಿನುಗಿ ಚಿತ್ರದಲ್ಲಿ ಪಟ್ಟೆ ಬಂದರೆ ಫೋಟೊ ತೆಗೆಯುವವರು ಶಟರ್ ವೇಗ ಬದಲಿಸಬೇಕು: 50 ಹರ್ಟ್ಸ್ ವಿದ್ಯುತ್ ಇರುವ ಕಡೆ 1/100, 60 ಹರ್ಟ್ಸ್ ಇರುವ ಕಡೆ 1/120ರ ಹತ್ತಿರ.

ಬೇಡವೆನಿಸಿದ ಫೋಟೊಗೆ ಬೇಡ ಎನ್ನಿ. ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ, ವಿಗ್ ಎಳೆಯುವಂತಿಲ್ಲ. ಕಾಸ್‌ಪ್ಲೇ ಎಂದರೆ ಒಪ್ಪಿಗೆಯಲ್ಲ ಎಂಬ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ನಿಲ್ಲಿಸಿತು, ಈಗ ಬಹಳ ಕಡೆ ಅದೇ ನಿಯಮ. ಯಾರಾದರೂ ಮೀರಿದರೆ ಸಿಬ್ಬಂದಿಗೆ ಹೇಳಲು ಹಿಂಜರಿಯಬೇಡಿ, ಬ್ಯಾಡ್ಜ್ ಕಿತ್ತುಕೊಳ್ಳುವ ಅಧಿಕಾರ ಅವರಿಗಿದೆ.

---

ಮೂಲೆಮೇಜು ಉತ್ತರ:

ಪ್ರಿಂಟ್‌ಗಳ ಬಗ್ಗೆ. ಎ3 ಫೋಲ್ಡರ್ ಕೊಳ್ಳುವ ಮೊದಲು ಅಳತೆ ನೋಡಿ. ಎ3 ಎಂದರೆ 297×420 ಮಿ.ಮೀ. ಆದರೆ 11×17 ಇಂಚಿನ ಪ್ರಿಂಟ್ ಮಾರುವವರು ಬಹಳ, ಅದು 279×432 ಮಿ.ಮೀ. ಅಗಲದಲ್ಲಿ ಸಲೀಸಾಗಿ ಕೂರುತ್ತೆ, ಉದ್ದದಲ್ಲಿ 12 ಮಿ.ಮೀ. ಹೊರಗೆ ಉಳಿದು ಅಲ್ಲೇ ಮೂಲೆ ಮಡಚುತ್ತೆ. ಒಳಗಿನ ಉದ್ದ 440 ಮಿ.ಮೀ. ಮೇಲಿರುವ ಗಟ್ಟಿ ರಟ್ಟಿನ ಫೋಲ್ಡರ್ ಹುಡುಕಿ. ಕೊಳವೆಯಲ್ಲಿ ಸುರುಳಿ ಸುತ್ತುವುದಾದರೆ 7 ಸೆಂ.ಮೀ.ಗಿಂತ ಕಿರಿದಾದ ಕೊಳವೆ ಬೇಡ. ಫಾಯಿಲ್ ಅಥವಾ ಹೊಲೋಗ್ರಾಫಿಕ್ ಪದರವಿರುವ ಪ್ರಿಂಟನ್ನು ಸುತ್ತಲೇಬೇಡಿ, ಗೆರೆ ಬೀಳುತ್ತೆ.

ಕಮಿಷನ್ (ಹೇಳಿ ಬರೆಸುವ ಚಿತ್ರ) ಬೇಕಿದ್ದರೆ ಮೊದಲ ದಿನ ಬಾಗಿಲು ತೆರೆದ ಕೂಡಲೇ ಆರ್ಟಿಸ್ಟ್ ಆಲಿಗೆ ಹೋಗಿ, ಪಟ್ಟಿ ಬೇಗ ತುಂಬುತ್ತೆ. ಪಾತ್ರದ ಮುಂಭಾಗ, ಹಿಂಭಾಗ, ಬಣ್ಣ ಸ್ಪಷ್ಟವಾಗಿ ಕಾಣುವ ಚಿತ್ರಗಳು ಫೋನಿನಲ್ಲಿ ಸಿದ್ಧವಿರಲಿ, ನೆಟ್‌ವರ್ಕ್ ಹಾಲ್‌ನೊಳಗೆ ನಂಬುವಂಥದ್ದಲ್ಲ. ಅದೇ ಕಾರಣಕ್ಕೆ ಚಿಲ್ಲರೆ ನಗದು ಇಟ್ಟುಕೊಳ್ಳಿ. ಕಲಾವಿದರ ಮೇಜಿನ ಮೇಲೆ ನಿಮ್ಮ ಚೀಲ, ಪಾನೀಯ ಇಡಬೇಡಿ, ಕೇಳದೆ ಚಿತ್ರಗಳ ಫೋಟೊ ತೆಗೆಯಬೇಡಿ. ಕತ್ತಿ ಹಿಡಿದು ಆ ಕಿರಿದಾದ ಸಾಲುಗಳಿಗೆ ಬರುವುದೇ ಬೇಡ, ತಿರುಗಿದರೆ ಪಕ್ಕದವರ ಪ್ರದರ್ಶನ ಫಲಕ ಬೀಳುತ್ತೆ. ಲ್ಯಾನ್ಯಾರ್ಡ್‌ಗೆ (ಬ್ಯಾಡ್ಜ್ ನೇತುಹಾಕುವ ಕೊರಳಪಟ್ಟಿ) ಹಾಕುವ ಎನಾಮಲ್ ಪಿನ್‌ಗಳ ರಬ್ಬರ್ ಹಿಡಿ ಸಂಜೆಯೊಳಗೆ ಉದುರುತ್ತೆ, ಲಾಕ್ ಆಗುವ ಲೋಹದ ಹಿಡಿ ಹಾಕಿ.

ಮಾರಾಟ ಹಾಲ್‌ನಲ್ಲಿ ಫಿಗರ್ (ಪಾತ್ರದ ಗೊಂಬೆ) ಕೊಳ್ಳುವುದಾದರೆ ಡಬ್ಬಿಯ ಮೇಲೆ ತಯಾರಕರ ಹೆಸರು, ಹಕ್ಕುಸ್ವಾಮ್ಯದ ಸಾಲು ಇದೆಯೇ ನೋಡಿ. ಚರ್ಮದ ಬಣ್ಣ ಎಣ್ಣೆ ಹಚ್ಚಿದಂತೆ ಹೊಳೆಯುವುದು, ಕೂದಲಿನ ತುದಿ ಮೊಂಡಾಗಿರುವುದು, ಜೋಡಣೆಯ ಗೆರೆ ಎದ್ದು ಕಾಣುವುದು ನಕಲಿಯ ಗುರುತು. ಕೊನೆಯ ದಿನ ಇಲ್ಲಿ ಬೆಲೆ ಇಳಿಯುವುದುಂಟು. ಕಲಾವಿದರ ಬಳಿ ಅದಕ್ಕೆ ಕಾಯಬೇಡಿ, ಒಳ್ಳೆಯ ಪ್ರಿಂಟ್ ಅಷ್ಟರಲ್ಲಿ ಮುಗಿದಿರುತ್ತೆ.

---

ಬೆಳ್ಳಿಕವಚ:

ಎಲ್ಲರಿಗೂ ಧನ್ಯವಾದ. ಶುಕ್ರವಾರ ಮಧ್ಯಾಹ್ನ, ನಾಲ್ಕು ಗಂಟೆ ಅಂತ ತೀರ್ಮಾನಿಸಿದೆ. ಇನ್ನೊಂದು ಪ್ರಶ್ನೆ: ಕತ್ತಿಯೊಳಗೆ ಒಂದು ಮೀಟರ್ ಎಲ್‌ಇಡಿ ಪಟ್ಟಿ ಇದೆ, 60 ದೀಪ, 5 ವೋಲ್ಟ್. 10,000 ಎಂಎಎಚ್ ಪವರ್ ಬ್ಯಾಂಕ್ ಸಾಕೇ? ವಿಮಾನದಲ್ಲಿ ತೊಂದರೆ ಆಗುತ್ತದೆಯೇ? ರಿಪೇರಿ ಸಾಮಾನಿಗೂ ಏನಾದರೂ ತಡೆ ಇದೆಯೇ?

---

ಫೋಮ್‌ಮೇಜು ಉತ್ತರ:

ಪ್ರತಿ ದೀಪವನ್ನೂ ಬೇರೆಬೇರೆಯಾಗಿ ಬೆಳಗಿಸುವ ಬಗೆಯ ಪಟ್ಟಿಯಾದರೆ, ಪೂರ್ತಿ ಬಿಳಿಯಲ್ಲಿ ಒಂದು ದೀಪಕ್ಕೆ 60 ಮಿಲಿಆಂಪ್ ಹಿಡಿಯಿರಿ. 60 ದೀಪಕ್ಕೆ 3.6 ಆಂಪ್, ಅಂದರೆ 18 ವ್ಯಾಟ್. ಪವರ್ ಬ್ಯಾಂಕಿನ ಒಳಗಿನ ಕೋಶ 3.7 ವೋಲ್ಟ್‌ನದು, ಹಾಗಾಗಿ 10,000 ಎಂಎಎಚ್ ಎಂದರೆ 37 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದರೆ ಒಂದೂವರೆ ಗಂಟೆಗೂ ಸ್ವಲ್ಪ ಹೆಚ್ಚು ಉರಿಯುತ್ತೆ. ಎರಡು ಆಂಪ್‌ಗಿಂತ ಹೆಚ್ಚು ಕೊಡದ ಪವರ್ ಬ್ಯಾಂಕ್ ಆದರೆ ಪೂರ್ತಿ ಬೆಳಕಿಗೆ ತಟ್ಟನೆ ನಿಂತೇಹೋಗುತ್ತೆ. ಬೆಳಕನ್ನು ಮೂರನೇ ಒಂದು ಪಾಲಿಗೆ ಇಳಿಸಿ. ಹಾಲ್‌ನೊಳಗೆ ಅಷ್ಟು ಸಾಕು, ನಾಲ್ಕು ಗಂಟೆ ದಾಟುತ್ತೆ. ತೀರಾ ಕಡಿಮೆ ಮಾಡಿದರೆ ಇನ್ನೊಂದು ಪೇಚು: ಎಳೆತ ಬಹಳ ಸಣ್ಣದಾದಾಗ ಅನೇಕ ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲವೆಂದು ತಾವೇ ಆರಿಕೊಳ್ಳುತ್ತವೆ. ಮನೆಯಲ್ಲೇ ಪರೀಕ್ಷಿಸಿ.

ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ವಿಶೇಷ ಅನುಮತಿ ಬೇಡ, ನಿಮ್ಮದು 37. ಕತ್ತಿ ಮಾತ್ರ ಲಗೇಜಿಗೇ ಹೋಗಲಿ, ಫೋಮ್ ಆದರೂ ತಪಾಸಣೆಯಲ್ಲಿ ತಡೆಯುತ್ತಾರೆ. 65 ಸೆಂ.ಮೀ.ನ ಎರಡು ತುಂಡು ಮತ್ತು ಒಳಪೈಪ್ ಬೇರೆಯಾಗಿ ತೆಗೆಯುವಂತಿದ್ದರೆ, ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಎಂಬ ಸಾಮಾನ್ಯ ಮಿತಿಯ ಸೂಟ್‌ಕೇಸಿನಲ್ಲಿ ಕೂರುತ್ತೆ. ಎದೆಯ ಪ್ಲೇಟಿನ ಟೊಳ್ಳಿಗೆ ಬಟ್ಟೆ ತುಂಬಿ, ಇಲ್ಲದಿದ್ದರೆ ಮೇಲಿನ ಭಾರಕ್ಕೆ ಚಪ್ಪಟೆಯಾಗಿ ಮಡಿಕೆಯ ಗುರುತು ಉಳಿಯುತ್ತೆ.

ಕಾಂಟ್ಯಾಕ್ಟ್ ಸಿಮೆಂಟ್, ಸ್ಪ್ರೇ ಪೇಂಟ್ ಬೆಂಕಿ ಹಿಡಿಯುವ ವಸ್ತುಗಳು, ಯಾವ ಚೀಲದಲ್ಲೂ ಒಯ್ಯುವಂತಿಲ್ಲ. ಮೇಲೆ ಬೈದುಕೊಂಡ ಬಿಸಿ ಅಂಟಿನ ಗನ್ ಇಲ್ಲಿ ಉಪಯೋಗಕ್ಕೆ ಬರುತ್ತೆ, ಹೋಟೆಲ್ ಕೋಣೆಯಲ್ಲಿ ಒಂದು ದಿನದ ಮಟ್ಟಿಗೆ ಹಿಡಿದು ನಿಲ್ಲಿಸಲು ಸಾಕು. ಮೈಮೇಲೆ ಹಾಕಿಕೊಂಡಾಗಿನ ಕಿಟ್: ಹತ್ತು ಸೇಫ್ಟಿ ಪಿನ್, ಹಳೆಯ ಕಾರ್ಡಿಗೆ ಸುತ್ತಿದ ಎರಡು ಮೀಟರ್ ಗ್ಯಾಫರ್ ಟೇಪ್, ಒಂದು ಹೆಚ್ಚುವರಿ ಬಕಲ್, ಅರ್ಧ ಮೀಟರ್ ಇಲಾಸ್ಟಿಕ್, ಸೂಜಿ-ದಾರ, ಜಿಪ್ ಟೈ, ಸಣ್ಣ ಡಬ್ಬಿಯಲ್ಲಿ ಕವಚದ ಬಣ್ಣ. ಕತ್ತರಿ ಲಗೇಜಿನಲ್ಲಿ.

ಕತ್ತಿಯ ಹಿಡಿಯಲ್ಲಿ ಪವರ್ ಬ್ಯಾಂಕ್ ಕೂರುವ ಜಾಗಕ್ಕೆ ಅಂಟಿಸದ, ತೆಗೆಯಬಹುದಾದ ಮುಚ್ಚಳ ಮಾಡಿ. ಒಳಗೆ ತಂತಿ ಕಂಡರೆ ಪ್ರಾಪ್ ತಪಾಸಣೆಯವರು ತೆರೆದು ತೋರಿಸಿ ಎನ್ನುತ್ತಾರೆ.